ಮರಜರಿ ಹುಡುಕುವವರು ಏಪ್ರಿಲ್‌ನಲ್ಲಿ ಹಳ್ಳಕ್ಕಿಳಿಯಬೇಕು

ಮಳೆಗಾಲದಲ್ಲಿ ಮಲೆನಾಡಿಗೆ ಬಂದವರಿಗೆ ಜರಿಗಿಡ ತೋರಿಸುವುದು ಏನೂ ಕಷ್ಟವಲ್ಲ. ಬಸ್ ಸ್ಟ್ಯಾಂಡಿನ ಗೋಡೆ ಬಿರುಕಿನಲ್ಲಿ ಇರುತ್ತದೆ, ಬಾವಿಯ ಒಳಗೋಡೆಯಲ್ಲಿ ಇರುತ್ತದೆ, ಹೆಂಚಿನ ಸಂದಿಯಲ್ಲೂ ಇರುತ್ತದೆ. ಜುಲೈಯಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಬದಿಯಲ್ಲಿ ಜರಿ ಇಲ್ಲದ ಒಂದು ಮಾರು ಜಾಗ ಸಿಗುವುದೇ ಕಷ್ಟ. ಆದರೆ ಮರದ ಹಾಗೆ ನೆಟ್ಟಗೆ ಕಾಂಡ ಎತ್ತಿ, ತಲೆಯ ಮೇಲೆ ಕೊಡೆ ಬಿಚ್ಚಿ ನಿಲ್ಲುವ ಜರಿ ಇದೆಯಲ್ಲ, ಮರಜರಿ, ಅದು ಎಲ್ಲಿದೆ ಅಂತ ಕೇಳಿದರೆ ಊರಿನವರೂ ಒಂದು ಗಳಿಗೆ ಯೋಚಿಸುತ್ತಾರೆ. ಹಳ್ಳ ಹತ್ತಿ ಇಳಿದು ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದೇ ವಿಷಯ. ಎಷ್ಟು ಮಳೆ ಬಿತ್ತು ಅನ್ನುವ ಲೆಕ್ಕ ಮರಜರಿ ಇಟ್ಟುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಎಷ್ಟು ತೇವ ಉಳಿಯಿತು ಅನ್ನುವ ಲೆಕ್ಕ ಇಟ್ಟುಕೊಳ್ಳುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆಯೂ ಕಡಿಮೆಯೇನಲ್ಲ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಆಕಾಶ ಖಾಲಿ. ಶಿವರಾತ್ರಿ ಹೊತ್ತಿಗೆ ಗುಡ್ಡದ ನೆತ್ತಿಯ ಹುಲ್ಲು ಒಣಗಿ ಬೆಂಕಿಗೆ ಸಿದ್ಧವಾಗಿರುತ್ತದೆ. ಜಂಬಿಟ್ಟಿಗೆ ನೆಲದ ಮೇಲೆ ಬರಿಗಾಲಿಟ್ಟರೆ ದೋಸೆಕಾವಲಿ. ಎಷ್ಟು ಮಳೆ ಬಿದ್ದರೇನು, ಅಂಥ ಕಡೆ ಮರಜರಿ ಇಲ್ಲ. ಅದೇ ಗುಡ್ಡದ ಮಗ್ಗುಲಲ್ಲಿ, ಎರಡು ದಿಬ್ಬಗಳ ಸಂದಿಯಲ್ಲಿ, ಮಧ್ಯಾಹ್ನ ಮಾತ್ರ ಬಿಸಿಲು ಇಣುಕಿ ಹೋಗುವ ಕೊರಕಲೊಂದು ಇರುತ್ತದೆ. ಅಲ್ಲಿ ಒರತೆ ಇನ್ನೂ ಜಿನುಗುತ್ತಿರುತ್ತದೆ. ಕಲ್ಲು ಮುಟ್ಟಿದರೆ ತಣ್ಣಗೆ. ಮರಜರಿಯ ಮನೆ ಅದು.

ಇಷ್ಟು ದೊಡ್ಡ ಗಿಡ ಇಷ್ಟು ಚಿಕ್ಕ ತಂಪಿಗೆ ಯಾಕೆ ಕಟ್ಟುಬಿದ್ದಿದೆ? ಅದರ ಹುಟ್ಟಿನ ಕತೆ ಗೊತ್ತಾದರೆ ಇದು ಅರ್ಥವಾಗುತ್ತದೆ.

ಒಂದು ಗಿಡ, ಎರಡು ಜನ್ಮ

ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಶಾಲೆಯಲ್ಲಿ ಓದಿದ್ದೇವೆ, ಪರೀಕ್ಷೆ ಬರೆದು ಮರೆತಿದ್ದೇವೆ. ಬೀಜದ ಬದಲು ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಇರುತ್ತವೆ. ಕೆಲವರು ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯಲು ಹೊರಡುತ್ತಾರೆ. ಒಂದೊಂದು ಚುಕ್ಕೆಯೂ ಹತ್ತಾರು ಪುಟ್ಟ ಚೀಲಗಳ ಗೊಂಚಲು. ನಮಗೆ ಕಾಣುವ ಹೆಚ್ಚಿನ ಜರಿಗಳಲ್ಲಿ ಒಂದು ಚೀಲದೊಳಗೆ ಸಾಮಾನ್ಯವಾಗಿ 64 ಬೀಜಾಣುಗಳು ಇರುತ್ತವೆ. ಚುಕ್ಕೆಗಳನ್ನು ಎಣಿಸಿ, ಚೀಲಗಳನ್ನು ಎಣಿಸಿ, 64ರಿಂದ ಗುಣಿಸಿ. ಒಂದು ಮರಜರಿಯ ಒಂದೇ ಎಲೆಗೆ ಲಕ್ಷಗಟ್ಟಲೆ ಲೆಕ್ಕ ಬರುತ್ತದೆ. ಹಾಗಿದ್ದರೂ ಕಾಡೆಲ್ಲ ಮರಜರಿಯಾಗಿಲ್ಲ, ಅಲ್ವಾ?

ಕಾರಣ ಇಷ್ಟೆ. ಬೀಜಾಣು ಬಿದ್ದಲ್ಲಿ ನೇರವಾಗಿ ಜರಿಗಿಡ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಬೇರೆಯೇ ಒಂದು ಜೀವ. ಕಿರುಬೆರಳ ಉಗುರಿಗಿಂತ ಚಿಕ್ಕದು, ಹಸಿರು, ತೆಳ್ಳಗೆ, ಹೃದಯದ ಆಕಾರ. ಅದಕ್ಕೆ ಕಾಂಡವಿಲ್ಲ, ನಿಜವಾದ ಬೇರಿಲ್ಲ, ನೀರನ್ನು ಹಿಡಿದಿಡುವ ದಪ್ಪ ತೊಗಲೂ ಇಲ್ಲ. ಹಸಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ಯಾರೋ ಹಸಿರು ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ಇದರ ಅಡಿಭಾಗದಲ್ಲಿ ಗಂಡು ಕೋಶವೂ ಹೆಣ್ಣು ಕೋಶವೂ ತಯಾರಾಗುತ್ತವೆ. ಗಂಡು ಕೋಶಕ್ಕೆ ಬಾಲಗಳಿವೆ, ಅದು ಈಜಬೇಕು. ಈಜಲು ನೀರು ಬೇಕು. ಹೊಳೆ ಏನೂ ಬೇಡ, ಒಂದು ಹನಿಯ ತೆಳು ಪದರ ಸಾಕು. ಆದರೆ ಆ ಪದರ ಬೇಕೇ ಬೇಕು. ಹೆಣ್ಣು ಕೋಶದ ಕಡೆಯಿಂದ ರಾಸಾಯನಿಕ ಕರೆ ಹೋಗುತ್ತದೆ. ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಗಂಡು ಕೋಶಗಳನ್ನು ಸೆಳೆಯುತ್ತದೆ ಅಂತ ಜರ್ಮನಿಯ ವಿಲ್ಹೆಲ್ಮ್ ಫೆಫರ್ 1884ರಲ್ಲಿ ತೋರಿಸಿದರು. ಈ ಎರಡು ಜನ್ಮದ ಕತೆಯನ್ನು ಇಡಿಯಾಗಿ ಬಿಡಿಸಿ ಹೇಳಿದವರು ಅದಕ್ಕೂ ಮೊದಲಿನ ವಿಲ್ಹೆಲ್ಮ್ ಹಾಫ್‌ಮೈಸ್ಟರ್, 1851ರಲ್ಲಿ. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಪುಸ್ತಕ ಪ್ರಕಟಣೆಯ ಮನೆತನದವರು, ಬಿಡುವಿನಲ್ಲಿ ಸೂಕ್ಷ್ಮದರ್ಶಕ ಹಿಡಿದು ಕೂತು ಕಲಿತವರು. ನಮ್ಮಂಥ ಹವ್ಯಾಸಿಗಳಿಗೆ ಇದೊಂದು ಸಮಾಧಾನ.

ಗಂಡು ಹೆಣ್ಣು ಕೂಡಿದ ಮೇಲೆ ಆ ಹಸಿರು ಹೃದಯದ ಅಡಿಯಿಂದ ಮೊದಲ ಪುಟ್ಟ ಎಲೆ ತಲೆ ಎತ್ತುತ್ತದೆ. ಅದೇ ನಮಗೆ ಗೊತ್ತಿರುವ ಜರಿಗಿಡ. ಅಂದರೆ ಮೂರಾಳು ಎತ್ತರದ ಮರಜರಿಯೂ ಒಂದು ಕಾಲದಲ್ಲಿ ಉಗುರಿನಷ್ಟು ಹಸಿರಿನ ಮೇಲೆ ಅವಲಂಬಿಸಿದ್ದದ್ದೇ. ದೊಡ್ಡ ಗಿಡ ಎರಡು ವಾರ ಬಿಸಿಲು ತಡೆದುಕೊಂಡೀತು. ಈ ಪುಟ್ಟದ್ದು ಬಿಸಿಲಿಗೆ ಸಿಕ್ಕರೆ ಸಂಜೆಯೊಳಗೆ ಸುರುಟಿ ಹೋಗುತ್ತದೆ. ಹಳ್ಳದ ತಂಪು ಬೇಕಾಗಿರುವುದು ಮುಖ್ಯವಾಗಿ ಮಗುವಿಗೆ.

ಇನ್ನು ಹಳ್ಳದ ವಿಷಯ. ಮೇಲಿನ ಗುಡ್ಡದಲ್ಲಿ ಕಾಡಿದ್ದರೆ ಮಳೆನೀರು ತರಗೆಲೆ, ಬೇರು, ಕಲ್ಲಿನ ಬಿರುಕು ಅಂತ ನಿಧಾನಕ್ಕೆ ಒಳಗಿಳಿಯುತ್ತದೆ. ಜುಲೈಯಲ್ಲಿ ಇಳಿದ ನೀರು ಫೆಬ್ರವರಿಯಲ್ಲೂ ಒರತೆಯಾಗಿ ಬರುತ್ತಿರುತ್ತದೆ. ಎರಡೂ ಬದಿಯ ದಿಬ್ಬ ಗಾಳಿ ತಡೆಯುತ್ತದೆ. ಮೇಲೆ ಮರಗಳ ಚಪ್ಪರ ಬಿಸಿಲು ತಡೆಯುತ್ತದೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಕೊರಕಲಲ್ಲಿ ಕೂರುತ್ತದೆ. ಬೆಳಗ್ಗೆ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುವುದು ಇಂಥಲ್ಲೇ. ಸೊರಬ, ಸಾಗರದ ಕಡೆ ಮಳೆ ಅಷ್ಟಿಲ್ಲ. ಆದರೂ ಅಲ್ಲಿನ ಹಳೇ ಕಾನುಗಳ, ಅಂದರೆ ದಟ್ಟ ಹಸಿರು ಕಾಡುಗಳ ಒಳಗೆ ನೀರಿನ ಜಾಗಗಳಲ್ಲಿ ಒಳ್ಳೊಳ್ಳೆ ಜರಿಗಳು ಸಿಗುತ್ತವೆ. ಕಾನು ಕಡಿದರೆ ಒರತೆ ಬತ್ತುತ್ತದೆ ಅಂತ ಹಿರಿಯರು ಹೇಳುತ್ತಿದ್ದ ಮಾತಿನ ಹಿಂದೆ ಇದೇ ಲೆಕ್ಕ ಇದೆ.

ಮೋಸ ಹೋಗುವ ಜಾಗಗಳು

ನಾನು ಮೊದಲು ಮರಜರಿ ಅಂತ ತೋರಿಸಿ ಬೀಗಿದ್ದು ತಾಳೆಯ ಜಾತಿಯ ಒಂದು ಬೈನೆ ಸಸಿಯನ್ನು. ದೂರದಿಂದ ಎಲೆ ಹರಡಿದ ರೀತಿ ಹಾಗೇ ಇತ್ತು. ಬೆಂಗಳೂರಿನಿಂದ ಬಂದಿದ್ದ ನೆಂಟರು ಫೋಟೊ ತೆಗೆದುಕೊಂಡರು. ಪಕ್ಕದಲ್ಲಿದ್ದ ಕೆಲಸದಾಳು ಏನೂ ಹೇಳದೆ ನಕ್ಕರು. ಬೈನೆ ಎಲೆಯ ತುದಿ ಮೀನಿನ ಬಾಲ ಹರಿದ ಹಾಗೆ ಇರುತ್ತದೆ, ಜರಿಯಷ್ಟು ಸಣ್ಣಸಣ್ಣ ಹಲ್ಲು ಇರುವುದಿಲ್ಲ. ಇದಕ್ಕಿಂತ ಸುಲಭದ ಪರೀಕ್ಷೆ ಚಿಗುರು ನೋಡುವುದು. ಜರಿಯ ಎಲೆ ಹುಟ್ಟುವಾಗ ಚಕ್ಕುಲಿ ಸುತ್ತಿದ ಹಾಗೆ ಒಳಕ್ಕೆ ಸುರುಳಿಯಾಗಿರುತ್ತದೆ, ಬುಡದಿಂದ ಮೇಲಕ್ಕೆ ಬಿಚ್ಚುತ್ತಾ ಹೋಗುತ್ತದೆ. ತಾಳೆಯ ಜಾತಿಯ ಚಿಗುರು ಈಟಿಯ ಹಾಗೆ ನೆಟ್ಟಗೆ ಬರುತ್ತದೆ. ಸೈಕಾಸ್ ಗಿಡದ ಎಳೆ ಎಲೆಯಲ್ಲೂ ಸುರುಳಿ ಕಾಣಬಹುದು. ಆದರೆ ಅದರ ಎಲೆ ಒರಟು, ಗರಿಗಳು ಒಂದೇ ಸಾಲು, ಹಿಂಬದಿಯಲ್ಲಿ ಚುಕ್ಕೆ ಇಲ್ಲ.

ಎರಡನೇ ಸಲ ಮೋಸ ಹೋದದ್ದು ಇನ್ನೂ ಮಜವಾಗಿತ್ತು. ಈ ಸಲ ಸಿಕ್ಕಿದ್ದು ಜರಿಯೇ. ಹಳ್ಳದ ದಡದಲ್ಲಿ ಒಂದೊಂದು ಎಲೆ ನನ್ನ ಎರಡರಷ್ಟು ಉದ್ದ. ತೊಟ್ಟು ಮಣಿಕಟ್ಟಿನಷ್ಟು ದಪ್ಪ. ಇದಕ್ಕಿಂತ ದೊಡ್ಡ ಜರಿ ಇರಲು ಸಾಧ್ಯವೇ ಇಲ್ಲ ಅಂದುಕೊಂಡೆ. ಆದರೆ ಕಾಂಡವೇ ಇರಲಿಲ್ಲ. ನೆಲದಲ್ಲಿ ಮಡಕೆಯಷ್ಟು ದಪ್ಪದ ಒಂದು ಗಡ್ಡೆ, ಅದರಿಂದ ಸುತ್ತ ಎಲೆ. ಇದು ಆಂಜಿಯೋಪ್ಟೆರಿಸ್. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮರಜರಿ ಅಂತ ಜನ ಜಾಸ್ತಿ ತಪ್ಪು ತಿಳಿಯುವುದು ಇದನ್ನೇ. ಗುರುತು ಹಿಡಿಯಲು ತೊಟ್ಟಿನ ಬುಡ ನೋಡಿ. ಅಲ್ಲಿ ಎರಡು ಮಾಂಸಲ ಕಿವಿಗಳ ಹಾಗೆ ಅಂಟಿಕೊಂಡಿರುತ್ತದೆ. ಗರಿ ತೊಟ್ಟಿಗೆ ಸೇರುವಲ್ಲಿ ಬೆರಳಿನ ಗೆಣ್ಣಿನ ಹಾಗೆ ಊದಿಕೊಂಡಿರುತ್ತದೆ. ಇದು ಮರಜರಿಗಿಂತಲೂ ಹಳೆಯ ಕವಲಿಗೆ ಸೇರಿದ್ದು. ಗಾತ್ರದಲ್ಲಿ ಸೋತಿಲ್ಲ, ಎತ್ತರಕ್ಕೆ ಕಾಂಡ ಮಾತ್ರ ಎತ್ತಿಲ್ಲ. ನನಗೆ ಕೇಳಿದರೆ ಮರಜರಿ ಸಿಗದಿದ್ದರೂ ಆಂಜಿಯೋಪ್ಟೆರಿಸ್ ಸಿಕ್ಕ ದಿನ ಬೇಜಾರಾಗಬೇಕಿಲ್ಲ.

ನಿಜವಾದ ಮರಜರಿ ಎದುರಾದಾಗ

ಹತ್ತಿರ ಹೋಗಿ ಕಾಂಡ ಮುಟ್ಟಿ. ಮರದ ತೊಗಟೆಯ ಹಾಗಿರುವುದಿಲ್ಲ. ಬುಡದಲ್ಲಿ ಕಪ್ಪು ನಾರಿನ ದಪ್ಪ ಹೊದಿಕೆ, ಹಳೇ ತೆಂಗಿನಕಾಯಿ ಜುಟ್ಟು ಮುಟ್ಟಿದಂತೆ. ಅದು ತೊಗಟೆಯಲ್ಲ, ಬೇರು. ಕಾಂಡದಿಂದಲೇ ಹೊರಟ ಸಾವಿರಾರು ಬೇರುಗಳು ಒಂದರ ಮೇಲೊಂದು ಹೆಣೆದುಕೊಂಡು ಕೆಳಗಿಳಿದಿರುತ್ತವೆ. ಮಾವು, ಹಲಸಿನ ಕಾಂಡ ವರ್ಷವರ್ಷ ಒಳಗಿಂದ ದಪ್ಪವಾಗುತ್ತದೆ. ಮರಜರಿಗೆ ಆ ವಿದ್ಯೆ ಗೊತ್ತಿಲ್ಲ. ಬುಡ ದಪ್ಪಗೆ ಕಾಣುವುದು ಈ ಬೇರಿನ ಕಂಬಳಿಯಿಂದ. ಹಾಗಾಗಿ ಮರ ಅನ್ನುವುದು ನಾವು ಕೊಟ್ಟ ಮರ್ಯಾದೆ ಅಷ್ಟೆ. ಒಳಗೆ ಅದು ಎದ್ದು ನಿಂತ ಜರಿ.

ಸ್ವಲ್ಪ ಮೇಲೆ ನೋಡಿದರೆ ಉದುರಿದ ಎಲೆಗಳ ಗುರುತು ಕಾಣುತ್ತದೆ. ಮೊಟ್ಟೆಯಾಕಾರದ ಗಾಯದ ಕಲೆಗಳು. ಕಲೆಯೊಳಗೆ ಚುಕ್ಕೆಗಳ ಸಾಲು. ಅವು ಎಲೆಗೆ ನೀರು ಹೋಗುತ್ತಿದ್ದ ಕೊಳವೆಗಳ ತುದಿ. ಇನ್ನೂ ಮೇಲೆ, ಎಲೆಗಳು ಹೊರಡುವ ನೆತ್ತಿಯಲ್ಲಿ, ಕಂದು ಹೊಟ್ಟು ಹೊದ್ದ ಸುರುಳಿಗಳು ಮುಷ್ಟಿ ಕಟ್ಟಿ ಕೂತಿರುತ್ತವೆ. ಬೆಳೆಯುವ ಜಾಗ ಸಾಮಾನ್ಯವಾಗಿ ಅದೊಂದೇ. ನೆತ್ತಿ ಕಡಿದರೆ ತೆಂಗಿನ ಸುಳಿ ಕಡಿದ ಹಾಗೆ, ಕತೆ ಮುಗಿಯಿತು. ಸೊಂಟದೆತ್ತರ ಕಾಂಡ ಬರಲು ಎಷ್ಟೋ ವರ್ಷ ತೆಗೆದುಕೊಂಡಿರುತ್ತದೆ, ಕತ್ತಿಗೆ ಒಂದು ಏಟು ಸಾಕು.

ನಮ್ಮ ಘಟ್ಟದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಮರಜರಿ ಸಯಾಥಿಯಾ ಜೈಗ್ಯಾಂಟಿಯಾ. ಎಲೆಯ ತೊಟ್ಟು ನೋಡಿದರೆ ಸಾಕು, ಮರೆಯುವುದಿಲ್ಲ. ಕಪ್ಪು, ಹೊಳೆಯುವ ಕಪ್ಪು. ಎಣ್ಣೆ ಸವರಿದ ಬೀಟೆ ಕೋಲಿನ ಹಾಗೆ. ಕೈಯಾಡಿಸಿದರೆ ಸ್ವಲ್ಪ ತರಿತರಿ, ಆದರೆ ಚುಚ್ಚುವುದಿಲ್ಲ. ಗರಿಯ ಹಿಂಬದಿಯ ಚುಕ್ಕೆಗಳು ಸಣ್ಣ, ದುಂಡು, ಮೇಲೆ ಮುಚ್ಚಳ ಇಲ್ಲ. ತೊಟ್ಟು ಹಿಡಿಯಲು ಹೋದಾಗ ಮುಳ್ಳು ಚುಚ್ಚಿತೋ, ಅದು ಸಯಾಥಿಯಾ ಸ್ಪೈನುಲೋಸ ಇರಬಹುದು. ಇದರ ಎಳೆಯ ಚುಕ್ಕೆಗಳು ತೆಳು ಪೊರೆಯ ಪುಟ್ಟ ಚೆಂಡಿನೊಳಗೆ ಇರುತ್ತವೆ. ನೀಲಗಿರಿಯ ಹೆಸರು ಹೊತ್ತ ಇನ್ನೊಂದು ಜಾತಿಯೂ ದಕ್ಷಿಣದ ಬೆಟ್ಟಗಳಲ್ಲಿದೆ. ಹೊಸ ಪುಸ್ತಕಗಳಲ್ಲಿ ಸಯಾಥಿಯಾ ಬದಲು ಆಲ್ಸೊಫಿಲಾ ಅನ್ನುವ ಹೆಸರು ಕಂಡರೆ ಗಾಬರಿ ಬೇಡ. ಗಿಡ ಅದೇ, ವಿಜ್ಞಾನಿಗಳು ಮನೆಹೆಸರು ಬದಲಾಯಿಸಿದ್ದಾರೆ.

ಮರಜರಿಯ ಕಾಂಡವೇ ಒಂದು ವಠಾರ. ಆ ನಾರಿನ ಹೊದಿಕೆ ನೀರು ಹೀರಿಟ್ಟುಕೊಳ್ಳುತ್ತದೆ. ಅದರ ಮೇಲೆ ಪಾಚಿ, ಪುಟ್ಟ ಸೀತಾಳೆಗಳು, ಬೇರೆ ಜರಿಗಳು ಬಾಡಿಗೆಗೆ ಇರುತ್ತವೆ. ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಪೊರೆಜರಿ. ಒದ್ದೆ ಬಂಡೆಯ ಮೇಲೂ ಇರುತ್ತದೆ. ಮೊದಲ ನೋಟಕ್ಕೆ ಪಾಚಿ ಅನ್ನಿಸುತ್ತದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ. ನರಗಳನ್ನು ಬಿಟ್ಟರೆ ಆ ಎಲೆಯ ದಪ್ಪ ಒಂದೇ ಒಂದು ಜೀವಕೋಶ. ಉಸಿರಾಡುವ ಪತ್ರರಂಧ್ರಗಳೂ ಇಲ್ಲ. ಇಷ್ಟು ತೆಳ್ಳಗಿನ ಎಲೆ ಹಸಿರಾಗಿ ಹರಡಿಕೊಂಡಿದೆ ಅಂದರೆ ಆ ಜಾಗದ ಗಾಳಿಯಲ್ಲಿ ತೇವಕ್ಕೆ ಕೊರತೆ ಇಲ್ಲ. ಏಪ್ರಿಲ್‌ನಲ್ಲೂ ಅದು ಹಾಗೇ ಇದ್ದರೆ ಆ ಹಳ್ಳವನ್ನು ಗುರುತು ಮಾಡಿಟ್ಟುಕೊಳ್ಳಿ, ಸುತ್ತಮುತ್ತ ಮರಜರಿ ಸಿಗುವ ಸಾಧ್ಯತೆ ಜಾಸ್ತಿ.

ಒಂದು ಬೇಸರದ ಮಾತೂ ಹೇಳಬೇಕು. ಇದೇ ನಾರಿನ ಕಾಂಡವನ್ನು ಹಲಗೆ ಮಾಡಿ ಆರ್ಕಿಡ್ ಬೆಳೆಸುವವರಿಗೆ ಮಾರುವ ವ್ಯಾಪಾರ ಜಗತ್ತಿನಲ್ಲಿ ಬಹಳ ಕಾಲದಿಂದ ಇದೆ. ಸಯಾಥಿಯಾ ಜಾತಿಗಳು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇರುವುದು ಇಂಥ ವ್ಯಾಪಾರದ ಕಾರಣಕ್ಕೆ. ನಾನೂ ಒಮ್ಮೆ ಒಂದು ನರ್ಸರಿಯಲ್ಲಿ ಮರಜರಿ ಸಸಿ ಅಂತ ಕೊಟ್ಟದ್ದನ್ನು ತಂದು ಅಂಗಳದಲ್ಲಿ ಇಟ್ಟಿದ್ದೆ. ಕಾಡಿನಿಂದ ಕಿತ್ತದ್ದು ಅಂತ ಬೇರು ನೋಡಿದ ಮೇಲೆ ಗೊತ್ತಾಯಿತು. ದಿನಕ್ಕೆ ಎರಡು ಸಲ ನೀರು ಹೊಡೆದರೂ ಮಾರ್ಚ್ ದಾಟಲಿಲ್ಲ. ಮಣ್ಣಿಗೆ ನೀರು ಕೊಡಬಹುದು, ಗಾಳಿಗೆ ಎಲ್ಲಿಂದ ಕೊಡುವುದು?

ಎಲೆ ಮಗುಚಿ ಓದುವುದು

ಮರಜರಿ ಹುಡುಕಲು ಹೊರಟವರಿಗೆ ದಾರಿಯಲ್ಲಿ ಇಪ್ಪತ್ತು ಬೇರೆ ಜರಿಗಳು ಸಿಗುತ್ತವೆ. ಎಲ್ಲ ಒಂದೇ ಥರ ಕಾಣುತ್ತವೆ ಅನ್ನುವ ದೂರು ಮೇಲಿಂದ ನೋಡುವವರದ್ದು. ಜರಿಯನ್ನು ಹಿಂಬದಿಯಿಂದ ಓದಬೇಕು. ಮದುವೆ ಕಾಗದದ ಮುಖ ಎಲ್ಲ ಒಂದೇ, ಒಳಗೆ ಹೆಸರು ಬೇರೆ ಬೇರೆ ಇರುವುದಿಲ್ಲವೇ, ಹಾಗೆ.

ಕಪ್ಪು ತಂತಿಯಂಥ ದಂಟು, ಪುಟ್ಟ ಬೀಸಣಿಗೆ ಎಲೆ, ಅಂಚಿನಲ್ಲಿ ಎಲೆಯೇ ಹಿಂದಕ್ಕೆ ಮಡಚಿ ಬೀಜಾಣು ಮುಚ್ಚಿಕೊಂಡಿದ್ದರೆ ಅದು ಅಡಿಯಾಂಟಂ. ಇದರ ಒಂದು ಜಾತಿಯ ಎಲೆಯ ತುದಿ ಬಳ್ಳಿಯ ಹಾಗೆ ಉದ್ದವಾಗಿ, ಬಾಗಿ, ನೆಲ ಮುಟ್ಟಿದಲ್ಲಿ ಹೊಸ ಗಿಡ ಹುಟ್ಟುತ್ತದೆ. ಹೀಗೆ ಹೆಜ್ಜೆ ಹಾಕುತ್ತಾ ಮಣ್ಣಿನ ಗೋಡೆ ತುಂಬ ಹರಡುತ್ತದೆ. ಎಲೆಯ ಇಡೀ ಅಂಚಿಗೆ ಕಂದು ದಾರ ಹೊಲಿದ ಹಾಗಿದ್ದರೆ ಟೆರಿಸ್. ನಡುನರದಿಂದ ಓರೆಯಾಗಿ ಗೀಟು ಎಳೆದ ಹಾಗಿದ್ದರೆ ಆಸ್ಪ್ಲೇನಿಯಂ. ನಡುನರದ ಎರಡೂ ಪಕ್ಕ ಉದ್ದಕ್ಕೆ ಎರಡು ಗೆರೆ ಇದ್ದರೆ ಬ್ಲೆಕ್ನಂ. ಅದರ ಎಳೆ ಎಲೆ ತಾಮ್ರದ ಬಣ್ಣದಲ್ಲಿ ಬರುತ್ತದೆ, ದೂರಕ್ಕೇ ಹೂವಿನ ಹಾಗೆ ಕಾಣುತ್ತದೆ. ಹಳ್ಳದ ನಡುವಿನ ಬಂಡೆಗಳನ್ನು ತಬ್ಬಿಕೊಂಡಿರುವ, ಮಳೆಗಾಲದಲ್ಲಿ ಪ್ರವಾಹದ ಅಡಿಯಲ್ಲಿ ಮುಳುಗಿ ಮತ್ತೆ ಏಳುವ ಕಡುಹಸಿರು ಜರಿ ಹೆಚ್ಚಾಗಿ ಬೋಲ್ಬಿಟಿಸ್. ಅದು ಬೀಜಾಣುವಿಗೆ ಅಂತಲೇ ಬೇರೆ ಎಲೆ ಮಾಡುತ್ತದೆ. ಆ ಎಲೆ ಕಿರಿದು, ಹಿಂಬದಿ ಪೂರ್ತಿ ಕಂದು.

ಹಳ್ಳದಿಂದ ಮೇಲೆ ಮರದ ಕೊಂಬೆ ನೋಡಿದರೆ ಒಣ ಎಲೆಗಳ ಬುಟ್ಟಿ ಅಂಟಿಕೊಂಡಿರುತ್ತದೆ. ಇದು ಡ್ರೈನೇರಿಯಾ, ಎರಡು ಥರದ ಎಲೆ ಇಟ್ಟುಕೊಂಡ ಜಾಣ. ಗಿಡ್ಡ ಕಂದು ಎಲೆಗಳು ಒಣಗಿದರೂ ಉದುರುವುದಿಲ್ಲ, ಮರದಿಂದ ಬೀಳುವ ತರಗು, ಧೂಳು ಹಿಡಿದು ಗೊಬ್ಬರದ ಗುಂಡಿ ಮಾಡಿಕೊಳ್ಳುತ್ತವೆ. ಉದ್ದದ ಹಸಿರು ಎಲೆಗಳು ಮಳೆ ಬಂದಾಗ ಬರುತ್ತವೆ, ಬೇಸಿಗೆಗೆ ಉದುರುತ್ತವೆ. ಹಳ್ಳದ ತಂಪಿಲ್ಲದೆ ಬದುಕಲು ಕಲಿತ ಜರಿ ಇದು. ಮರಜರಿಯ ಸ್ವಭಾವಕ್ಕೆ ಪೂರ್ತಿ ಎದುರು.

ರಸ್ತೆ ಬದಿಯಲ್ಲಿ ಮಕ್ಕಳ ಕೈಗೆ ಸಿಗುವ ಒಂದು ಜರಿ ಇದೆ. ಎಲೆಯ ಹಿಂಬದಿ ಬೂದಿ ಬಳಿದ ಹಾಗೆ ಬೆಳ್ಳಗೆ. ನಾವು ಶಾಲೆಗೆ ಹೋಗುವಾಗ ಅದನ್ನು ಕಿತ್ತು ತೋಳಿನ ಮೇಲೆ ಇಟ್ಟು ಪಟ್ ಅಂತ ಹೊಡೆಯುತ್ತಿದ್ದೆವು. ಬಿಳಿ ಅಚ್ಚು ಬೀಳುತ್ತಿತ್ತು. ಮೇಷ್ಟ್ರು ಬೈಯುವವರೆಗೂ ಅದೇ ನಮ್ಮ ಹಚ್ಚೆ. ಎಷ್ಟೋ ವರ್ಷ ಇದನ್ನು ಅಪ್ಪಟ ಮಲೆನಾಡಿನ ಗಿಡ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಪಿಟಿರೊಗ್ರಾಮಾ ಅನ್ನುವ ಇದರ ಮೂಲ ಅಮೆರಿಕದ ಉಷ್ಣವಲಯ. ಮಣ್ಣು ಕಡಿದು ಹಸಿ ಗೋಡೆ ಮಾಡಿದಲ್ಲೆಲ್ಲ ಇದು ಮೊದಲು ಬರುತ್ತದೆ. ಸ್ಥಳೀಯ ಜರಿ ಹುಡುಕುವವರು ರಸ್ತೆಬದಿ ಬಿಟ್ಟು ಒಳಗೆ ಹೋಗಬೇಕು ಅನ್ನಲು ಇದೂ ಒಂದು ಕಾರಣ.

ಕೊಟ್ಟಿಗೆಯ ಹಿಂದೆ ತೊಟ್ಟಿಯಲ್ಲಿ ದನಕ್ಕೆ ಅಂತ ಬೆಳೆಸುವ ಅಜೋಲಾ ಕೂಡ ಜರಿಯೇ ಅಂದರೆ ಮೊದಲು ಯಾರೂ ನಂಬುವುದಿಲ್ಲ. ನೀರಿನ ಮೇಲೆ ತೇಲುವ, ಅಕ್ಕಿಕಾಳಿಗಿಂತಲೂ ಚಿಕ್ಕ ಎಲೆಯ ಜರಿ. ಗದ್ದೆಯ ಕೆಸರಲ್ಲಿ ನಾಲ್ಕೆಲೆ ಬಿಚ್ಚಿ ನಿಲ್ಲುವ ಮಾರ್ಸಿಲಿಯಾ ಕೂಡ ಅದೇ ಬಳಗ.

ತಿನ್ನುವ ವಿಷಯ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಡಗಿನಲ್ಲಿ ತೆರ್ಮೆ ತೊಪ್ಪು ಅಂತ ಮಳೆಗಾಲದಲ್ಲಿ ಪಲ್ಯ ಮಾಡುವುದು ಡಿಪ್ಲೇಜಿಯಂ ಎಸ್ಕ್ಯುಲೆಂಟಂ ಅನ್ನುವ ಜರಿಯ ಎಳೆ ಸುರುಳಿ. ಬೇಯಿಸಿಯೇ ತಿನ್ನುವುದು. ಸುರುಳಿ ಕಂಡದ್ದೆಲ್ಲ ಪಲ್ಯಕ್ಕಲ್ಲ. ಎತ್ತರದ ಹುಲ್ಲುಗಾವಲಿನ ಅಂಚಿನಲ್ಲಿ ಬೆಳೆಯುವ ಬ್ರಾಕನ್ ಅನ್ನುವ ಜರಿಯಲ್ಲಿ ಕ್ಯಾನ್ಸರ್ ತರುವ ವಿಷವಿದೆ, ದನಗಳಿಗೂ ಆಗದು. ಗೊತ್ತಿರುವ ಮನೆಯವರು ಕೊಯ್ದು ತಂದದ್ದನ್ನು ಮಾತ್ರ ತಿನ್ನಿ.

ಮನೆಯಲ್ಲಿ ಕೂತೇ ನೋಡಬಹುದಾದ ಒಂದು ತಮಾಷೆ ಹೇಳುತ್ತೇನೆ. ತೋಟದ ಅಗಳಿನಲ್ಲಿ ಬೆಳೆದ ಯಾವುದಾದರೂ ಸಾಮಾನ್ಯ ಜರಿಯ ಒಂದು ಗರಿ ತನ್ನಿ. ಚುಕ್ಕೆ ಕಂದಾಗಿ, ಇನ್ನೂ ಒಡೆಯದೆ ಇರಬೇಕು. ಬಿಳಿ ಕಾಗದದ ಮೇಲೆ ಚುಕ್ಕೆ ಕೆಳಗೆ ಮಾಡಿ ಇಟ್ಟು ಫ್ಯಾನ್ ಆರಿಸಿ ಮಲಗಿ. ಬೆಳಗ್ಗೆ ಗರಿ ಎತ್ತಿದರೆ ಕಾಗದದ ಮೇಲೆ ಗರಿಯದ್ದೇ ಚಿತ್ರ, ಕಂದು ಪುಡಿಯಲ್ಲಿ. ಭೂತಗನ್ನಡಿ ಇದ್ದರೆ ಗರಿ ಒಣಗುತ್ತಿರುವಾಗಲೇ ನೋಡಿ. ಪ್ರತಿ ಚೀಲದ ಬೆನ್ನಿಗೆ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಅದರೊಳಗಿನ ನೀರು ಆರುತ್ತಾ ಪಟ್ಟಿ ನಿಧಾನವಾಗಿ ಹಿಂದಕ್ಕೆ ಬಾಗುತ್ತದೆ, ಚೀಲ ಬಾಯಿ ಬಿಡುತ್ತದೆ. ಬಾಗಿ ಬಾಗಿ ಒಂದು ಹಂತದಲ್ಲಿ ಒಳಗಿನ ನೀರೇ ಕಿತ್ತುಕೊಂಡು ಗುಳ್ಳೆಯಾಗುತ್ತದೆ. ತಕ್ಷಣ ಪಟ್ಟಿ ಟಪ್ ಅಂತ ಮುಂದಕ್ಕೆ ಹಾರಿ ಬೀಜಾಣು ಎಸೆಯುತ್ತದೆ. ಹಕ್ಕಿ ಓಡಿಸುವ ಕವಣೆ ಇದೆಯಲ್ಲ, ಅದೇ. ಒದ್ದೆ ಮಳೆಯಲ್ಲಿ ಎಸೆದರೆ ಬೀಜಾಣು ಅಲ್ಲೇ ಅಂಟಿಕೊಂಡೀತು. ಗಾಳಿ ಒಣಗಿದಾಗಲೇ ಹಾರಿಸುವ ಈ ಲೆಕ್ಕ ಗಿಡಕ್ಕೆ ಯಾರೂ ಕಲಿಸಿಲ್ಲ, ನೀರು ಆರುವುದೇ ಅದರ ಗಡಿಯಾರ.

ಹಳ್ಳಕ್ಕೆ ಇಳಿಯುವವರಿಗೆ ಒಂದೆರಡು ಮಾತು. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆಯ ಅಭಯಾರಣ್ಯಗಳ ಒಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಕೊಡಚಾದ್ರಿಗೆ ಹೋಗುವವರು ಇರುವ ದಾರಿಯಲ್ಲೇ ನಡೆದು, ದಾರಿ ಹಳ್ಳ ದಾಟುವಲ್ಲಿ ನಿಂತು ಮೇಲೆ ಕೆಳಗೆ ನೋಡಿದರೂ ಸಾಕಷ್ಟು ಸಿಗುತ್ತದೆ. ಹುಲಿಕಲ್ ಘಾಟಿಯಲ್ಲಿ ಮೋರಿಗಳ ಹತ್ತಿರ ನಿಂತರೂ ಹಾಗೇ. ಮಳೆಗಾಲದಲ್ಲಿ ಇಂಬಳ ಬಿಡುವುದಿಲ್ಲ. ಸುಣ್ಣ ಹೊಗೆಸೊಪ್ಪು ಸವರಿಕೊಂಡರೂ ನಾಲ್ಕಾದರೂ ಹತ್ತುತ್ತವೆ, ರಕ್ತ ಕೊಟ್ಟು ಬರಬೇಕು. ಇಂಬಳಕ್ಕಿಂತ ಹೆದರಬೇಕಾದದ್ದು ಬಂಡೆಯ ಬಣ್ಣಕ್ಕೇ ಸೇರಿಕೊಂಡು ಮಲಗಿರುವ ಮಲಬಾರ್ ಪಿಟ್ ವೈಪರ್ ಹಾವಿಗೆ. ಕೈಯೂರುವ ಮೊದಲು ನೋಡಿ ಊರಿ. ಅಕ್ಟೋಬರ್, ನವೆಂಬರ್ ಜರಿಗಳೆಲ್ಲ ಮೈತುಂಬಿ ಚುಕ್ಕೆ ಹಣ್ಣಾಗಿರುವ ಕಾಲ, ಕಲಿಯಲು ಒಳ್ಳೆಯದು. ಆದರೆ ಆಗ ಎಲ್ಲೆಡೆ ಹಸಿರು, ಎಲ್ಲ ಹಳ್ಳವೂ ಒಂದೇ ಥರ. ಯಾವ ಹಳ್ಳಕ್ಕೆ ನಿಜವಾಗಿ ಜೀವ ಇದೆ ಅಂತ ತಿಳಿಯುವುದು ಏಪ್ರಿಲ್‌ನಲ್ಲಿ.

ಮರಜರಿ ಸಿಕ್ಕಿದ ಮೇಲೆ ಫೋಟೊ ತೆಗೆದು ತಿರುಗಿ ಬರಬೇಡಿ. ಕೂತು ಅದರ ಬುಡದ ಸುತ್ತ ಮರಿಗಳನ್ನು ಹುಡುಕಿ. ನಿಂತಿರುವ ದೊಡ್ಡ ಮರಜರಿ ಈ ಹಳ್ಳ ಹಿಂದೆ ಹೇಗಿತ್ತು ಅಂತ ಹೇಳುತ್ತದೆ, ಅಷ್ಟೆ. ಅದು ಹುಟ್ಟಿದ ಕಾಲದ ತೇವ ಅದು. ಈಗಿನ ತೇವ ಹೇಗಿದೆ ಅಂತ ಹೇಳುವುದು ಗೇಣುದ್ದದ ಮರಿಗಳು, ಅದಕ್ಕಿಂತ ಮೊದಲಿನ ಹಸಿರು ಹೃದಯಗಳು. ನಾಲ್ಕು ಎತ್ತರದ ಮರಜರಿ ಇದ್ದು ಕೆಳಗೆ ಒಂದೂ ಮರಿ ಇಲ್ಲದ ಹಳ್ಳ ನೋಡಿದ್ದೇನೆ. ನೋಡಲು ಬಹಳ ಚಂದ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ದೊಡ್ಡ ಚೌಕಿಮನೆಯಷ್ಟೇ ಚಂದ.

ನಮ್ಮ ತೋಟದ ಮೇಲಿನ ಅಬ್ಬಿಯ ಹಳ್ಳ ಅಂಥದ್ದೇ. ಅಲ್ಲಿ ಮೂರು ಮರಜರಿ ಇವೆ, ನಾನು ಚಿಕ್ಕವನಿದ್ದಾಗಿನಿಂದ ಇವೆ. ಮೊದಲೆಲ್ಲ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ ನೀರು ಬರುತ್ತಿತ್ತು, ಅರ್ಧ ದಾರಿಯಲ್ಲೇ ಸೋರಿ ಹಳ್ಳಕ್ಕೆ ಸೇರುತ್ತಿತ್ತು. ಆಮೇಲೆ ಕಪ್ಪು ಪೈಪು ಬಂತು. ಒರತೆಯ ಬಾಯಿಗೇ ಪೈಪು ಇಟ್ಟು ಒಂದು ಹನಿಯೂ ಪೋಲಾಗದಂತೆ ತೋಟಕ್ಕೆ ತಂದೆವು. ತಂದವರಲ್ಲಿ ನಾನೂ ಒಬ್ಬ, ಆಗ ಹೆಮ್ಮೆಯೇ ಆಗಿತ್ತು. ಪೋಲು ಅಂತ ನಾವು ಅಂದುಕೊಂಡದ್ದು ಜನವರಿಯಿಂದ ಮೇವರೆಗೆ ಮರಜರಿಯ ಪಾಲು ಅಂತ ಹೊಳೆದದ್ದು ಮರಿಗಳು ಕಾಣದೇ ಹೋದ ಮೇಲೆ. ಹೋದ ವರ್ಷ ಪಕ್ಕದ ಮನೆಯವರ ಜೊತೆ ಮಾತಾಡಿ ಪೈಪಿನ ಬಾಯಿಯನ್ನು ಮೂರು ಮರಜರಿಗಳಿಂದ ಇಪ್ಪತ್ತಡಿ ಕೆಳಗೆ ಇಳಿಸಿದೆವು. ಪೈಪಿಗೆ ಸ್ವಲ್ಪ ಒತ್ತಡ ಕಡಿಮೆಯಾಯಿತು. ಮೇಲಿನ ಸಾಲಿನ ಅಡಿಕೆಗೆ ಎರಡು ದಿನ ತಡವಾಗಿ ನೀರು ಸಿಗುತ್ತದೆ. ಅದಕ್ಕೆ ಮನೆಯಲ್ಲಿ ಗೊಣಗಾಟ ಇನ್ನೂ ನಿಂತಿಲ್ಲ.

ಈ ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ನಡುವಿನ ಮರಜರಿಯ ಕೆಳಗೆ ಹಳ್ಳದ ಮಣ್ಣುಗೋಡೆ ಒದ್ದೆಯಾಗಿತ್ತು. ಮೊಣಕಾಲೂರಿ ಭೂತಗನ್ನಡಿ ಹಿಡಿದರೆ ಹನ್ನೊಂದು ಹಸಿರು ಹೃದಯಗಳು, ಎರಡರಲ್ಲಿ ಸಾಸಿವೆಯಷ್ಟು ಎಲೆ ಆಗಲೇ ಎದ್ದಿತ್ತು. ಮರಜರಿಯ ಮರಿಯೋ, ಅಗಳಿನ ಸಾಮಾನ್ಯ ಜರಿಯ ಮರಿಯೋ, ಈ ವಯಸ್ಸಿನಲ್ಲಿ ಎಲ್ಲದರ ಮುಖವೂ ಒಂದೇ. ತೊಟ್ಟು ಕಪ್ಪಾಗುತ್ತದೋ ಇಲ್ಲವೋ ನೋಡಲು ಇನ್ನೆರಡು ಮಳೆಗಾಲ ಕಾಯಬೇಕು. ಪಕ್ಕದಲ್ಲಿ ಒಂದು ಬಿದಿರು ಕಡ್ಡಿ ನೆಟ್ಟು ಬಂದಿದ್ದೇನೆ, ದನ ತುಳಿಯದ ಹಾಗೆ.